ಉದ್ಯಾನದ ಗಾಳಿಯಂತ್ರದವರ ಸನ್ನಿಧಾನಕ್ಕೆ ಓಡುವವಳ ತಮ್ಮನ ಅಹವಾಲು

ಗೆ,
ಉದ್ಯಾನದ ನಟ್ಟನಡುವೆ, ದೊಡ್ಡ ಮರದ ತಂಪಿನಲ್ಲಿ, ಬಿಳಿ ಕಂಬದ ಮೇಲೆ ವಿರಾಜಮಾನರಾಗಿರುವ ಗಾಳಿ ಅಳೆಯುವ ಯಂತ್ರದವರಿಗೆ,

ಮಾನ್ಯರೇ,

ಎದುರು ರಸ್ತೆಯ ದರ್ಜಿಯು ತಮಗೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂದದ್ದು ಬರವಣಿಗೆಯ ಮಟ್ಟಿಗೆ ಮಾತ್ರ; ನನ್ನ ಹೊಟ್ಟೆಯ ಸುತ್ತಳತೆಗೆ ಎಂಟೂ ಅಂಗಗಳು ಒಂದೇ ಸಲ ನೆಲ ಮುಟ್ಟುವುದು ಆಗದ ಮಾತು. ಇತ್ತ ನಾವೆಲ್ಲರೂ ಕೆಮ್ಮಿಕೊಂಡು ಕ್ಷೇಮ. ಅತ್ತ ತಮ್ಮ ಕ್ಷೇಮಸಮಾಚಾರವನ್ನು ನಾನು ಕೇಳಬೇಕಾದ ಅಗತ್ಯವೇ ಇಲ್ಲ, ಏಕೆಂದರೆ ಅದು ಉದ್ಯಾನದ ಗೇಟಿನ ಮೇಲಿನ ದೊಡ್ಡ ಫಲಕದಲ್ಲಿ, ಹಸಿರು ಅಕ್ಷರಗಳಲ್ಲಿ, ನಗುವ ಮುಖವೊಂದರ ಸಮೇತ ಹಗಲಿರುಳೂ ಪ್ರಕಟವಾಗುತ್ತಲೇ ಇದೆ: ‘ಗಾಳಿ ಉತ್ತಮ. ಹೊರಗೆ ವ್ಯಾಯಾಮ ಮಾಡಲು ಸೂಕ್ತ ಸಮಯ.’ ಆ ನಗುವ ಮುಖವನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಊರಿನಲ್ಲಿ ಯಾರಾದರೂ ಒಬ್ಬರಾದರೂ ನಗುತ್ತಿರಲಿ.

ತಮ್ಮೊಡನೆ ಇಷ್ಟು ಸಲಿಗೆಯಿಂದ ಮಾತನಾಡಲು ಕಾರಣ, ನಾವಿಬ್ಬರೂ ಒಂದೇ ಕಸುಬಿನವರು. ತಾವೂ ಅಳೆಯುವವರು, ನಾನೂ ಅಳೆಯುವವನು. ತಾವು ಗಾಳಿಯನ್ನು ಅಳೆಯುತ್ತೀರಿ, ನಾನು ಗಾಳಿ ತುಂಬಿಕೊಂಡ ಎದೆಗಳನ್ನು ಅಳೆಯುತ್ತೇನೆ. ನನ್ನ ಅಂಗಡಿ ತಮ್ಮ ಗೇಟಿಗೆ ನೇರ ಎದುರಿಗೆ, ಸಿಗ್ನಲ್ ಕಂಬದ ಪಕ್ಕದಲ್ಲಿದೆ. ಕೆಂಪು ದೀಪ ಬಿದ್ದಾಗ ಬಸ್ಸುಗಳು, ಲಾರಿಗಳು ಎಂಜಿನ್ ಆರಿಸದೆ ನಿಂತು, ತಮ್ಮ ಹಿಂಭಾಗವನ್ನು ನೇರವಾಗಿ ನನ್ನ ಕತ್ತರಿ ಹಾಕುವ ಮೇಜಿನ ಕಡೆಗೇ ತಿರುಗಿಸಿ ಗುರುಗುಡುತ್ತವೆ. ಬೆಳಿಗ್ಗೆ ಬಾಗಿಲಲ್ಲಿ ಬಿಳಿ ಅಂಗಿ ನೇತುಹಾಕಿದರೆ ಸಂಜೆಯ ಹೊತ್ತಿಗೆ ಅದು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಬಿಳಿ ಬಟ್ಟೆ ಕೊಟ್ಟು ಹೋದ ಗಿರಾಕಿಗಳಿಗೆ ಬೂದು ಬಣ್ಣವೇ ಈಗಿನ ಫ್ಯಾಷನ್ ಎಂದು ಒಪ್ಪಿಸುವಷ್ಟರಲ್ಲಿ ನನ್ನ ಬಾಯಿ ಒಣಗಿಹೋಗುತ್ತದೆ. ಇದು ದೂರಲ್ಲ, ಬರೀ ವಿಳಾಸ. ದೂರು ಮುಂದೆ ಬರುತ್ತದೆ.

ದೂರು ನನ್ನ ಅಕ್ಕನದು. ಆದರೆ ಅವಳಿಗೆ ಪತ್ರ ಬರೆಯುವ ತಾಳ್ಮೆಯಿಲ್ಲ. ಅವಳು ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡುವವಳು. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ಈಗ ಉರಿಯುವ ಕಟ್ಟಡಗಳಿಂದ ಮೂರ್ಛೆ ಹೋದವರನ್ನು ಹೆಗಲ ಮೇಲೆ ಹಾಕಿಕೊಂಡು ಹೊರಗೆ ತರುತ್ತಾಳೆ. ಅಂಥವಳಿಗೂ ಅವರ ಇಲಾಖೆ ವರ್ಷಕ್ಕೊಮ್ಮೆ ಒಂದು ಪರೀಕ್ಷೆ ಇಡುತ್ತದೆ: ಕೊಟ್ಟ ಸಮಯದೊಳಗೆ ಮೈದಾನವನ್ನು ಸುತ್ತಿ ಬರಬೇಕು. ಬಂದರೆ ಬೆಂಕಿ ಆರಿಸುವ ಬಂಡಿಯಲ್ಲಿ ಜಾಗ. ಬಾರದಿದ್ದರೆ ದೂರವಾಣಿ ಕೋಣೆಯಲ್ಲಿ ಕುರ್ಚಿ, ಅದೂ ಮೆತ್ತನೆಯ ದಿಂಬಿನ ಸಮೇತ. ನನ್ನಂಥವನಿಗೆ ಅದು ಬಡ್ತಿ. ಅಕ್ಕನಿಗೆ ಅದು ಸಾವು. ಕಳೆದ ವರ್ಷ ಹೇಗೋ ಕೂದಲೆಳೆಯಲ್ಲಿ ಪಾರಾದಳು. ಈ ವರ್ಷವೂ ಪರೀಕ್ಷೆ ಹತ್ತಿರ ಬಂದಾಗ ನಾನು, ಹೋಗಲಿ ಬಿಡಕ್ಕಾ, ಕುರ್ಚಿಯೇನು ಹುಲಿಯೇ ಎಂದು ಸಮಾಧಾನ ಹೇಳಲು ಹೋದೆ. ಅವಳು ಕೈಲಿದ್ದ ಶೂ ಕೆಳಗಿಟ್ಟು ಹೇಳಿದ ಮಾತನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ: “ಬೆಂಕಿ ಬಿತ್ತು ಅಂತ ಫೋನ್ ಬಂದ್ರೆ ಎದ್ದು ಓಡೋಳು ನಾನು. ಸ್ವಲ್ಪ ವಿಳಾಸ ಹೇಳಿ ಅಂತ ಬರ್ಕೊಂಡು ಕೂತಿರೋಕೆ ನನ್ನ ಕೈಲಾಗಲ್ಲ ಕಣೋ.”

ಹೀಗಾಗಿ ಅವಳು ಓಡುವ ಅಭ್ಯಾಸಕ್ಕೆ ನಿಂತಳು. ಅವಳ ಪಾಳಿ ಮುಗಿಯುವುದು ಸಂಜೆ, ಊರಿನ ವಾಹನಗಳೆಲ್ಲ ಒಟ್ಟಿಗೆ ಮನೆಗೆ ಹೊರಡುವ ಹೊತ್ತಿಗೆ. ಠಾಣೆಯ ಮೈದಾನದಲ್ಲಿ ಈಗ ಹೊಸ ಬಂಡಿಗಳು ನಿಂತಿವೆ, ಪರೀಕ್ಷೆಯ ದಿನ ಮಾತ್ರ ಅವನ್ನು ಪಕ್ಕಕ್ಕೆ ಸರಿಸುತ್ತಾರಂತೆ. ಇನ್ನುಳಿದದ್ದು ತಾವು ನೆಲೆಸಿರುವ ಉದ್ಯಾನ. ಮರಗಳು, ಹುಲ್ಲು, ಅಗಲವಾದ ಮಣ್ಣಿನ ದಾರಿ, ರಸ್ತೆಗೂ ಒಳಗಿನ ದಾರಿಗೂ ನಡುವೆ ಎತ್ತರದ ಪೊದೆಗಳ ಬೇಲಿ. ಓಡುವವರಿಗೆಂದೇ ಮಾಡಿದ ಜಾಗ ಎಂದು ಯಾರಿಗಾದರೂ ಅನಿಸಬೇಕು. ಅಕ್ಕನಿಗೂ ಹಾಗೇ ಅನಿಸಿತು. ಒಳಗೆ ಹೋಗಿ ನಾಲ್ಕು ಹೆಜ್ಜೆ ಜೋರಾಗಿ ಇಟ್ಟಳೋ ಇಲ್ಲವೋ, ಕಾವಲುಗಾರರ ಸೀಟಿ ಊರಿಗೆಲ್ಲ ಕೇಳಿಸಿತು.

ಕಾವಲುಗಾರರು ಸಜ್ಜನರು, ನನ್ನ ಹಳೆಯ ಗಿರಾಕಿ. ಅವರು ಅಕ್ಕನನ್ನು ಕೂರಿಸಿ ನಿಯಮವನ್ನು ಬಿಡಿಸಿ ಹೇಳಿದರು. ಉದ್ಯಾನದಲ್ಲಿ ಯಾರೂ ಓಡಬಾರದು. ಓಡಿದರೆ ಧೂಳೇಳುತ್ತದೆ, ಧೂಳೆದ್ದರೆ ಅದು ತಮ್ಮ, ಅಂದರೆ ಯಂತ್ರದವರ, ಮೂಗಿಗೆ ಹೋಗುತ್ತದೆ, ಹೋದರೆ ಅಂಕಿ ಕೆಡುತ್ತದೆ, ಅಂಕಿ ಕೆಟ್ಟರೆ ಮೇಲಿನವರು ಇವರ ಜೀವ ತೆಗೆಯುತ್ತಾರೆ. “ಕೂತ್ಕೊಳ್ಳಿ ಅಮ್ಮಾ, ಬೇಕಾದ್ರೆ ಮಲ್ಕೊಳ್ಳಿ, ಯಾರೂ ಏನೂ ಅನ್ನಲ್ಲ. ಓಡೋ ಹಾಗೆ ಮಾತ್ರ ಇಲ್ಲ,” ಎಂದರು. ಓಡಬೇಕೆಂದರೆ ಹೊರಗೆ ರಸ್ತೆಬದಿಯಲ್ಲಿ, ಕಾಂಪೌಂಡಿನ ಸುತ್ತ ಎಷ್ಟು ಬೇಕಾದರೂ ಓಡಬಹುದಂತೆ. ಹೊರಗೂ ಗಾಳಿ ಉತ್ತಮವಾಗಿಯೇ ಇದೆ, ಫಲಕದಲ್ಲೇ ಬರೆದಿದೆಯಲ್ಲ ಎಂದು ಬೆರಳು ತೋರಿಸಿದರು.

ಮಾನ್ಯರೇ, ಈ ಏರ್ಪಾಡನ್ನು ಕಂಡು ನಾನು ತಲೆದೂಗಿದೆ. ಕೂತವರು ಒಳಗೆ, ಓಡುವವರು ಹೊರಗೆ. ಅಂದಿನಿಂದ ಅಕ್ಕ ಪ್ರತಿ ಸಂಜೆ ಕಾಂಪೌಂಡಿನ ಹೊರಗೆ, ಬಸ್ಸುಗಳ ಹೊಗೆಯಲ್ಲಿ, ಬಾಯಿ ತೆರೆದು ಓಡತೊಡಗಿದಳು. ಅವಳಿಗೆ ಉತ್ತೇಜನ ಕೊಡಬೇಕಾದ ತಮ್ಮನಾದ ನಾನು, ಅಂಗಡಿ ಬಾಗಿಲು ಎಳೆದು, ಒಳಗೆ ತಮ್ಮ ಕಂಬದ ಕೆಳಗಿನ ಬೆಂಚಿನ ಮೇಲೆ ಕಾಲು ಚಾಚಿ ಕೂತೆ. ಅವಳು ಗೇಟಿನ ಸರಳುಗಳ ಮುಂದೆ ಹಾದುಹೋಗುವಾಗಲೆಲ್ಲ ಕೈ ಬೀಸಿದೆ. ಊರಿನ ಅತ್ಯುತ್ತಮ ಗಾಳಿಯನ್ನು, ಅದರ ಅಗತ್ಯ ಅತ್ಯಂತ ಕಡಿಮೆ ಇರುವ ಪುಪ್ಪುಸಗಳು ಸವಿಯುತ್ತಿದ್ದವು. ಪಕ್ಕದಲ್ಲಿ ಒಬ್ಬರು ಗೊರಕೆ ಹೊಡೆಯುತ್ತಿದ್ದರು.

ಮೊದಮೊದಲು ಅಕ್ಕ ಚೆನ್ನಾಗಿಯೇ ಓಡಿದಳು. ಆಮೇಲೆ ವಿಚಿತ್ರವೊಂದು ಶುರುವಾಯಿತು. ಅಭ್ಯಾಸ ಹೆಚ್ಚಿದಂತೆ ವೇಗ ಕಡಿಮೆಯಾಗತೊಡಗಿತು. ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡಂತೆ ಎನ್ನುತ್ತಾರಲ್ಲ, ಅವಳ ವಿಷಯದಲ್ಲಿ ಅದು ಅಕ್ಷರಶಃ ನಿಜವಾಯಿತು. ಓಟ ಮುಗಿಸಿ ಬಂದವಳು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಎದೆ ಹಿಡಿದು ಕೆಮ್ಮುವಳು, ಎದೆಯೊಳಗೆ ಯಾರೋ ಉಪ್ಪುಕಾಗದ ತಿಕ್ಕಿದ ಹಾಗಿದೆ ಎನ್ನುವಳು. ನಾನು ನನ್ನ ಬುದ್ಧಿಗೆ ಎಟುಕಿದ್ದನ್ನು ಮಾಡಿದೆ. ಸೊಂಟ ಬಿಗಿಯಾದರೆ ಉಸಿರೂ ಬಿಗಿಯಾಗುತ್ತದೆಂದು ಅವಳ ಓಟದ ಪ್ಯಾಂಟಿನ ಎಲಾಸ್ಟಿಕ್ ಸಡಿಲ ಮಾಡಿಕೊಟ್ಟೆ. ಮರುದಿನ ಅವಳು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಓಡಿದಳು. ಆ ಸಂಜೆ ನನಗೆ ಬಿದ್ದ ಬೈಗುಳಗಳನ್ನು ಇಲ್ಲಿ ಬರೆದರೆ ತಮ್ಮ ಅಂಕಿ ಏರೀತು.

ಕೊನೆಗೆ ವೈದ್ಯೆಯೊಬ್ಬರ ಬಳಿ ಹೋದೆವು. ಅವರು ಅಕ್ಕನ ಬೆನ್ನಿಗೆ ಕೊಳವೆ ಒತ್ತಿ ಕೇಳಿಸಿಕೊಂಡು, ಎಲ್ಲಿ ಓಡುತ್ತೀರಿ, ಯಾವಾಗ ಓಡುತ್ತೀರಿ ಎಂದು ವಿಚಾರಿಸಿ, ಆಮೇಲೆ ನಮಗೆ ಅರ್ಥವಾಗುವ ಹಾಗೆ ವಿವರಿಸಿದರು. ಸುಮ್ಮನೆ ಕೂತ ಮನುಷ್ಯ ಮೂಗಿನಿಂದ ಮೆಲ್ಲಗೆ, ಸ್ವಲ್ಪವೇ ಗಾಳಿ ಎಳೆದುಕೊಳ್ಳುತ್ತಾನೆ, ಮೂಗಿನ ಕೂದಲು ಮತ್ತು ಪಸೆ ಧೂಳಿನಲ್ಲಿ ಒಂದಷ್ಟನ್ನು ಅಲ್ಲೇ ತಡೆದುಬಿಡುತ್ತವೆ. ಓಡುವ ಮನುಷ್ಯನಿಗೆ ಅದರ ಎಷ್ಟೋ ಪಟ್ಟು ಗಾಳಿ ಬೇಕು, ಮೂಗು ಸಾಲದೆ ಬಾಯಿ ತೆರೆಯುತ್ತಾನೆ, ಬಾಯಿಗೆ ಸೋಸುವ ಜಾಣ್ಮೆಯಿಲ್ಲ, ಉಸಿರೂ ಆಳಕ್ಕೆ ಇಳಿಯುತ್ತದೆ. ಹಾಗಾಗಿ ರಸ್ತೆ ಒಂದೇ, ಹೊಗೆ ಒಂದೇ ಆದರೂ ಪಾಲು ಒಂದೇ ಅಲ್ಲ. ಬಸ್ ಕಾಯುತ್ತ ನಿಂತವನಿಗೆ ಚಮಚದಲ್ಲಿ ಬಡಿಸಿದ್ದು ಓಡುವವಳಿಗೆ ಸೌಟಿನಲ್ಲಿ ಬೀಳುತ್ತದೆ.

ಇದನ್ನು ಕೇಳಿ ನನಗೆ ಎಲ್ಲಿಲ್ಲದ ಹುರುಪು ಬಂತು. ಅಂದರೆ ನಾನು ಇಷ್ಟು ವರ್ಷ ಕೂತು ಕಳೆದದ್ದು ಸೋಮಾರಿತನವಲ್ಲ, ಪುಪ್ಪುಸಗಳ ಸಂರಕ್ಷಣೆ ಎಂದು ಅಲ್ಲೇ ಘೋಷಿಸಿದೆ. ವೈದ್ಯೆ ನನ್ನ ಹೊಟ್ಟೆಯನ್ನು ಒಂದು ಸಲ ನೋಡಿ, ಓಡುವುದನ್ನು ಬಿಡಿ ಎಂದು ಯಾರಿಗೂ ಹೇಳಿಲ್ಲ, ಓಡುವುದು ಎಲ್ಲ ರೀತಿಯಲ್ಲೂ ಒಳ್ಳೆಯದೇ, ಓಡುವ ಜಾಗವನ್ನು ಬದಲಿಸಿ ಎಂದಷ್ಟೇ ಹೇಳಿದ್ದು ಎಂದು ಸ್ಪಷ್ಟಪಡಿಸಿದರು. ವಾಹನಗಳಿಂದ ಸ್ವಲ್ಪ ದೂರ, ಮರಗಿಡಗಳ ಮರೆಯಲ್ಲಿ ಓಡಿದರೂ ಸಾಕಂತೆ, ಎಷ್ಟೋ ವಾಸಿಯಂತೆ. ನಿಮ್ಮ ಹತ್ತಿರ ಉದ್ಯಾನ ಯಾವುದೂ ಇಲ್ಲವೇ ಎಂದು ಅವರು ಕೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮನೆಗೆ ಬರುವ ದಾರಿಯಲ್ಲಿ ಅಕ್ಕ ನನ್ನ ಹುರುಪಿಗೆ ತಣ್ಣೀರೆರಚಿದಳು: “ನೀನು ಕೂತೂ ಕೂತೂ ಕೆಡ್ತಿದ್ದೀಯ, ನಾನು ಓಡೀ ಓಡೀ ಕೆಡ್ತಿದ್ದೀನಿ. ನನ್ನದಕ್ಕೆ ಆ ಡಬ್ಬಿ ಕಾರಣ. ನಿನ್ನದಕ್ಕೆ ನೀನೇ.” ಡಬ್ಬಿ ಎಂದದ್ದು ತಮ್ಮನ್ನು. ಅವಳ ಪರವಾಗಿ ಕ್ಷಮೆ ಕೋರುತ್ತೇನೆ.

ಈಗ ಕಸುಬಿನ ಮಾತು ಒಂದಿಷ್ಟು. ಬಸ್ ಕಂಡಕ್ಟರ್ ಒಬ್ಬರು ಅಂಗಿ ಹೊಲಿಸಲು ಬಂದರೆ ನಾನು ಅವರನ್ನು ನೆಟ್ಟಗೆ ನಿಲ್ಲಿಸಿ ಅಳತೆ ತೆಗೆದು ಕಳಿಸಿಬಿಡುವುದಿಲ್ಲ. ಮೇಲಿನ ಕಂಬಿ ಹಿಡಿಯುವ ಹಾಗೆ ಕೈ ಎತ್ತಿಸಿ ಕಂಕುಳ ಅಳತೆ ತೆಗೆಯುತ್ತೇನೆ, ಇಲ್ಲದಿದ್ದರೆ ಅಂಗಿ ಮೊದಲ ನಿಲ್ದಾಣದಲ್ಲೇ ಹರಿಯುತ್ತದೆ. ಅಡುಗೆಯವರನ್ನು ಬಗ್ಗಿಸಿ ಬೆನ್ನಿನ ಅಳತೆ, ಡ್ರೈವರ್‌ಗಳನ್ನು ಕೂರಿಸಿ ತೊಡೆಯ ಅಳತೆ. ನಿಂತ ಅಳತೆಯೇ ಬೇರೆ, ದುಡಿಯುವ ಅಳತೆಯೇ ಬೇರೆ. ಇಷ್ಟೆಲ್ಲ ಮಾಡಿಯೂ ನಾನು ಹೊಲಿದ ಅಂಗಿಗಳು ಹರಿಯುತ್ತವೆ ಎಂಬುದು ಬೇರೆ ವಿಷಯ, ಅದನ್ನು ಕಾವಲುಗಾರರು ತಮಗೆ ಈಗಾಗಲೇ ಚಾಡಿ ಹೇಳಿರಬಹುದು. ತಾವೋ, ಹುಟ್ಟಿದಂದಿನಿಂದ ಒಂದೇ ಕಡೆ ನಿಂತು, ಒಂದೇ ಸಮನೆ ಉಸಿರೆಳೆದು, ಮೆಟ್ಟಿಲು ಹತ್ತದೆ, ಹೊರೆ ಹೊರದೆ, ಹೊರಟ ಬಸ್ಸಿನ ಹಿಂದೆ ಒಮ್ಮೆಯೂ ಓಡದೆ, ಇಡೀ ಊರಿನ ಎದೆಗಳಿಗೆ ಅಳತೆ ಕೊಟ್ಟುಬಿಟ್ಟಿರಿ. ಮರದಡಿ ಮಲಗಿದವರಿಗೆ ಆ ಅಳತೆ ಸರಿಯಾಗಿ ಕೂರುತ್ತದೆ. ಅಕ್ಕನಿಗೆ ಅದು ಎದೆಯ ಮೇಲೆ ಹರಿಯುತ್ತದೆ.

ತಮಗೆ ನೆನಪಿರಬಹುದು, ಕಳೆದ ತಿಂಗಳು ಮರದ ಕೊಂಬೆ ಕಡಿಯುವ ಸಲುವಾಗಿ ತಮ್ಮನ್ನು ಕೆಲವು ದಿನಗಳ ಮಟ್ಟಿಗೆ ಕಂಬದಿಂದ ಇಳಿಸಿ, ನನ್ನ ಅಂಗಡಿಯ ಮುಂದಿನ ಸಿಗ್ನಲ್ ಕಂಬಕ್ಕೆ ಕಟ್ಟಿದ್ದರು. ನೆರೆಮನೆಯವರಾದಿರಿ ಎಂದು ನಾನು ಹಿಗ್ಗಿದೆ. ಆದರೆ ಮೊದಲ ಸಂಜೆಯೇ ತಮ್ಮ ಮುಖದ ನಗು ಮಾಯವಾಯಿತು. ಹಸಿರು ಹೋಗಿ ಹಳದಿ, ಹಳದಿ ಹೋಗಿ ಕೆಂಪು, ಕೊನೆಗೆ ನಾನು ಯಾವ ದಾರದ ಉಂಡೆಯಲ್ಲೂ ಕಾಣದ ಒಂದು ಕಡುಗೆಂಪು. ಫಲಕದ ಮೇಲೆ ‘ಅತಿ ಕಳಪೆ, ಮನೆಯೊಳಗೇ ಇರಿ’ ಎಂದು ಬಂತು. ಸಿಗ್ನಲ್‌ನಲ್ಲಿ ನಿಂತವರೆಲ್ಲ ಅದನ್ನು ಓದಿ ಕಾರುಗಳ ಗಾಜು ಏರಿಸಿಕೊಂಡರು, ಎಂಜಿನ್ ಮಾತ್ರ ಯಾರೂ ಆರಿಸಲಿಲ್ಲ. ಮರುದಿನವೇ ಇಲಾಖೆಯಿಂದ ರಿಪೇರಿಯವರು ಓಡೋಡಿ ಬಂದರು. ರಸ್ತೆ ಕೆಟ್ಟಿದೆಯೇ ಎಂದು ಅವರು ನೋಡಲಿಲ್ಲ, ತಾವು ಕೆಟ್ಟಿದ್ದೀರಾ ಎಂದು ನೋಡಿದರು. ಬೆನ್ನು ಬಿಚ್ಚಿದರು, ಊದಿದರು, ಒರೆಸಿದರು. ಪಾಪ, ಯಂತ್ರಕ್ಕೆ ರಸ್ತೆಯ ಹೊಗೆ ಒಗ್ಗಿಲ್ಲ, ಸೂಕ್ಷ್ಮ ಪ್ರಕೃತಿ, ಆದಷ್ಟು ಬೇಗ ಒಳಗೆ ಸೇರಿಸಿದರೆ ತಾನಾಗಿ ಸರಿಹೋಗುತ್ತದೆ ಎಂದು ತೀರ್ಮಾನಿಸಿದರು. ಕೊಂಬೆ ಕಡಿಯುವ ಕೆಲಸ ಮುಗಿಯುತ್ತಲೇ ತಮ್ಮನ್ನು ಮಗುವಿನ ಹಾಗೆ ಎತ್ತಿಕೊಂಡು ಹೋಗಿ ಮರದಡಿಗೆ ಸೇರಿಸಿದರು. ತಾವು ಅಂದೇ ಹಸಿರಾದಿರಿ, ನಕ್ಕಿರಿ.

ಆ ಕೆಲವು ದಿನಗಳಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಉದ್ಯಾನದೊಳಗೆ ತಾವಿಲ್ಲ ಎಂದ ಮೇಲೆ ತಮ್ಮ ಮೂಗಿಗೆ ಧೂಳು ಬೀಳುವ ಪ್ರಶ್ನೆಯೇ ಇಲ್ಲವೆಂದು ಕಾವಲುಗಾರರಿಗೆ ಹೊಳೆಯಿತು. ಅವರು ಸೀಟಿಯನ್ನು ಜೇಬಿಗೆ ಹಾಕಿಕೊಂಡು ಅಕ್ಕನನ್ನು ಒಳಗೆ ಬಿಟ್ಟರು. ಅವಳು ಮರಗಳ ನಡುವೆ, ಪೊದೆಗಳ ಮರೆಯಲ್ಲಿ ಓಡಿದಳು. ಎರಡನೆಯ ಸಂಜೆ ಕೆಮ್ಮು ಕಡಿಮೆಯಾಯಿತು, ನಾಲ್ಕನೆಯ ಸಂಜೆ ಅವಳು ಓಟ ಮುಗಿಸಿ ಬಂದು ಮೆಟ್ಟಿಲ ಮೇಲೆ ಕೂರದೆ ನಿಂತೇ ನನ್ನೊಡನೆ ಜಗಳ ಆಡಿದಳು. ಆ ಜಗಳ ಕೇಳಿ ನನಗೆ ಕಣ್ಣು ತುಂಬಿ ಬಂತು. ಆಮೇಲೆ ತಾವು ಮರಳಿ ಒಳಗೆ ಹೋದಿರಿ, ಸೀಟಿ ಜೇಬಿನಿಂದ ಹೊರಗೆ ಬಂತು, ಅಕ್ಕ ರಸ್ತೆಗೆ ಬಿದ್ದಳು, ಕೆಮ್ಮು ಹಳೆಯ ಬಾಡಿಗೆದಾರನಂತೆ ವಾಪಸಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಏನೆಂದು ಅಂದು ನನಗೆ ಪೂರ್ತಿ ತಿಳಿಯಿತು.

ಪರೀಕ್ಷೆಗೆ ಇನ್ನು ಒಂದೇ ವಾರವಿದೆ. ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳು. ಸಾಧ್ಯವಿದ್ದರೆ ತಾವು ಕಂಬದಿಂದ ಇಳಿದು, ಅಕ್ಕನ ಜೊತೆ ಒಂದೇ ಒಂದು ಸಂಜೆ ಕಾಂಪೌಂಡಿನ ಸುತ್ತ ಓಡಬೇಕು. ಶೂ ಇಲ್ಲವೆಂಬ ಚಿಂತೆ ಬೇಡ, ನನ್ನ ಹೊಸ ಜೋಡಿ ಬಿದ್ದಿದೆ, ಅದು ಇನ್ನೂ ನೆಲ ಮುಟ್ಟಿಲ್ಲ. ಅದು ಆಗದಿದ್ದರೆ, ತಮ್ಮ ಫಲಕದಲ್ಲಿ ‘ಗಾಳಿ ಉತ್ತಮ’ ಎಂಬುದರ ಕೆಳಗೆ ಚಿಕ್ಕ ಅಕ್ಷರಗಳಲ್ಲಾದರೂ ‘ಮಲಗಿದವರಿಗೆ’ ಎಂದು ಸೇರಿಸಬೇಕು. ಅದೂ ಕಷ್ಟವಾದರೆ, ಊರಿನ ಬಸ್ಸು ಲಾರಿಗಳಿಗೆಲ್ಲ, ಅಕ್ಕ ಓಡುವ ಹೊತ್ತಿನಲ್ಲಿ ದಯವಿಟ್ಟು ಉಸಿರು ಬಿಗಿಹಿಡಿಯಿರಿ ಎಂದು ತಮ್ಮ ಕಡೆಯಿಂದ ಒಂದು ಮಾತು ಹೇಳಬೇಕು, ದೊಡ್ಡವರು ಹೇಳಿದರೆ ಕೇಳುತ್ತವೆ. ಇದ್ಯಾವುದೂ ಆಗದು ಎನ್ನುವುದಾದರೆ ತಮಗೆ ಮಾಡಿದ ಚಿಕಿತ್ಸೆಯನ್ನೇ ಅಕ್ಕನಿಗೂ ಮಾಡಿಸಿಕೊಡಿ: ರಸ್ತೆಯ ಹೊಗೆಗೆ ಕೆಟ್ಟವರನ್ನು ಒಳಗೆ ಸೇರಿಸಿದರೆ ತಾವಾಗಿ ಸರಿಹೋಗುತ್ತಾರೆ ಎಂಬುದು ತಮ್ಮ ಇಲಾಖೆಯವರೇ ಕಂಡುಹಿಡಿದ ಮದ್ದು. ಉರಿಯುವ ಕಟ್ಟಡಕ್ಕೆ ಹೋಗುವಾಗ ಅವಳ ಬೆನ್ನಿಗೆ ಶುದ್ಧ ಗಾಳಿಯ ಸಿಲಿಂಡರ್ ಕಟ್ಟಿ, ಮುಖಕ್ಕೆ ಮುಖವಾಡ ತೊಡಿಸಿ ಕಳಿಸುತ್ತಾರೆ. ಆ ಕಟ್ಟಡದವರೆಗೆ ಓಡಲು ಬೇಕಾದ ದಮ್ಮನ್ನು ಮಾತ್ರ ಅವಳು ಲಾರಿಗಳ ಹಿಂದೆ ಸಂಪಾದಿಸಬೇಕಾಗಿದೆ.

ತಮ್ಮ ಉತ್ತರಕ್ಕೆ ಕಾಯುತ್ತ ಕೂತರೆ ವಾರ ಕಳೆದುಹೋಗುತ್ತದೆ ಎಂಬ ಭಯದಿಂದ, ನಾನು ನನ್ನ ಕೈಲಾದ ಒಂದು ಸೇವೆಯನ್ನು ತಮಗೆ ಸಲ್ಲಿಸಲು ತೀರ್ಮಾನಿಸಿದ್ದೇನೆ. ನಿನ್ನೆ ಬೆಂಚಿನ ಮೇಲೆ ಹತ್ತಿ ನಿಂತು ತಮ್ಮ ಎತ್ತರ, ಸುತ್ತಳತೆ, ಕುತ್ತಿಗೆಯ ಅಳತೆ ತೆಗೆದುಕೊಂಡೆ. ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ ಅಳತೆ ಕೊಟ್ಟ ಮೊದಲ ಗಿರಾಕಿ ತಾವು. ಮೇಲೆ ದಪ್ಪ ಕ್ಯಾನ್ವಾಸ್, ನಡುವೆ ಹತ್ತಿ, ಒಳಗೆ ಕೋಟಿನ ಲೈನಿಂಗ್, ಕುತ್ತಿಗೆಗೆ ಗುಂಡಿಗಳಿರುವ ಒಂದು ಗವಸು ಸಿದ್ಧವಾಗಿದೆ. ಹೇಳಿದ ದಿನಕ್ಕೆ ನಾನು ಹೊಲಿದು ಕೊಟ್ಟ ಮೊದಲ ವಸ್ತುವೂ ಇದೇ. ಇದನ್ನು ತೊಡಿಸಿದರೆ ಎಷ್ಟೇ ಜನ ಓಡಿದರೂ ಒಂದು ಕಣ ಧೂಳೂ ತಮ್ಮನ್ನು ಮುಟ್ಟದು ಎಂದು ಕಾವಲುಗಾರರಿಗೆ ಮನವರಿಕೆ ಮಾಡಿಕೊಟ್ಟೆ. ಅವರು ಗವಸನ್ನು ತಿರುವಿ ತಿರುವಿ ನೋಡಿ, ಹೊಲಿಗೆ ಎಳೆದು ನೋಡಿ, ನಿಯಮದಲ್ಲಿ ಬರೆದಿರುವುದು ಧೂಳು ಬೀಳಬಾರದು ಎಂದೇ ಹೊರತು ಗವಸು ಹಾಕಬಾರದು ಎಂದಲ್ಲ ಎಂದು ತೀರ್ಪು ಕೊಟ್ಟರು. ಇಂದು ಸಂಜೆಯಿಂದ ತಾವು ಬೆಚ್ಚಗಿರುತ್ತೀರಿ, ಅಕ್ಕ ಒಳಗಿರುತ್ತಾಳೆ.

ಹೆಚ್ಚಿಗೆ ಬರೆಯಲು ಏನಿಲ್ಲ, ಬರೆದದ್ದೇ ಹೆಚ್ಚಾಯಿತು. ತಮ್ಮ ನಗು ಹೀಗೇ ಇರಲಿ.

ಅಳತೆಯಲ್ಲಿ ತಮ್ಮ ಕಿರಿಯ ಸಹೋದ್ಯೋಗಿ ಹಾಗೂ ತಮ್ಮ ವಿಶ್ವಾಸಿ,
ಎದುರು ಅಂಗಡಿಯ ದರ್ಜಿ

ತಾಜಾ ಕಲಂ: ಪತ್ರವನ್ನು ತಮ್ಮ ಗೇಟಿಗೆ ಅಂಟಿಸುವುದು ನನ್ನ ಎಂದಿನ ಚುರುಕುತನದಿಂದಾಗಿ ಒಂದು ವಾರ ತಡವಾಯಿತು. ಅಷ್ಟರಲ್ಲಿ ಪರೀಕ್ಷೆ ಮುಗಿದಿದೆ. ನಾನು ಮೈದಾನದ ಅಂಚಿನಲ್ಲಿ ನಿಂತಿದ್ದೆ, ಕೂರಲಾಗಲಿಲ್ಲ. ಅಕ್ಕ ಕೊಟ್ಟ ಸಮಯಕ್ಕೆ ಮೊದಲೇ ಗೆರೆ ದಾಟಿ, ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಂತಳು. ಕೆಮ್ಮುತ್ತಾಳೆಂದು ನಾನು ಕಾದೆ. ಅವಳು ತಲೆಯೆತ್ತಿ, “ನೀನ್ಯಾಕೋ ಉಸಿರು ಹಿಡ್ಕೊಂಡು ನಿಂತಿದ್ದೀಯಾ, ಬಿಡೋ,” ಎಂದಳು. ಬಿಟ್ಟೆ. ಅಂಗಿಯ ಎರಡು ಗುಂಡಿ ಹಾರಿದವು.

ಇನ್ನು ತಮ್ಮ ವಿಷಯ. ಗವಸು ತೊಡಿಸಿದಂದಿನಿಂದ ತಮ್ಮ ಅಂಕಿ ಎಷ್ಟು ಕೆಳಗಿಳಿಯಿತೆಂದರೆ, ಫಲಕದ ಮೇಲೆ ‘ಉತ್ತಮ’ ಹೋಗಿ ಇದುವರೆಗೆ ಯಾರೂ ಕಾಣದ ‘ಅತ್ಯುತ್ತಮ’ ಬಂದಿದೆ. ನಿನ್ನೆ ಇಲಾಖೆಯ ದೊಡ್ಡವರೆಲ್ಲ ಕಾರುಗಳಲ್ಲಿ ಬಂದು, ಎಂಜಿನ್ ಆರಿಸದೆ ಗೇಟಿನ ಮುಂದೆ ನಿಲ್ಲಿಸಿ ಇಳಿದರು. ಗವಸನ್ನು ಕಂಡರು. ನಾನು ಹೆದರಿ ಕತ್ತರಿಯ ಹಿಂದೆ ಅಡಗಿದೆ. ಅವರು ಬೈಯಲಿಲ್ಲ, ಗವಸಿನ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಊರಿನ ಬೇರೆ ಉದ್ಯಾನಗಳಲ್ಲಿರುವ ತಮ್ಮ ಉಳಿದೆಲ್ಲ ಬಂಧುಗಳಿಗೂ ಇಂಥದೇ ಒಂದೊಂದನ್ನು ಹೊಲಿಯಲು ಹೇಳಿ ಹೋದರು. ಅಲ್ಲೆಲ್ಲ ಇನ್ನು ಓಡುವವರನ್ನು ಒಳಗೆ ಬಿಡುತ್ತಾರೆಂದು ಅಕ್ಕ ಖುಷಿಯಾಗಿದ್ದಾಳೆ. ದಯವಿಟ್ಟು ಅವರೆಲ್ಲರ ಸುತ್ತಳತೆಗಳನ್ನು ಬೇಗ ಕಳಿಸಿಕೊಡಬೇಕಾಗಿ ಪ್ರಾರ್ಥನೆ. ಬಟ್ಟೆ ತಂದಿಟ್ಟಿದ್ದೇನೆ, ಊರಿನ ಗಾಳಿಯನ್ನು ಮುಂದಿನ ವಾರದೊಳಗೆ ಪೂರ್ತಿ ಶುದ್ಧವಾಗಿ ಹೊಲಿದು ಕೊಡುತ್ತೇನೆ.